ನನ್ನ ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್ ತಂಡವನ್ನು ನಾನು ಅಳೆಯುವ ಬಗೆ

ಫ್ಯಾಂಟಸಿ ಅಂದರೆ ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ತಂಡ ಕಟ್ಟುವ ಆಟ, ಅವರು ನಿಜ ಪಂದ್ಯಗಳಲ್ಲಿ ಗಳಿಸುವ ಅಂಕಿಗಳೇ ನಮ್ಮ ತಂಡದ ಅಂಕಿಗಳು. ಟೀಮು ಹೇಗಿದೆ ಅಂತ ಯಾರಾದರೂ ಕೇಳಿದರೆ ನಾನು ಹೆಸರುಗಳ ಕಡೆ ನೋಡುವ ಮೊದಲು ಲೀಗ್ ಯಾವ ಬಗೆಯದು ಅಂತ ಕೇಳುತ್ತೇನೆ. ಎಲ್ಲಕ್ಕೂ ಅಂಕ ಕೊಟ್ಟು ಒಟ್ಟು ಮೊತ್ತ ನೋಡುವ ಪಾಯಿಂಟ್ಸ್ ಲೀಗ್ ಬೇರೆ, ಒಂಬತ್ತು ಅಂಕಿಗಳನ್ನು ಒಂದೊಂದಾಗಿ ಎದುರಾಳಿಯ ಜೊತೆ ಹೋಲಿಸುವ ಒಂಬತ್ತು ಕೆಟಗರಿಯ ಲೀಗ್ ಬೇರೆ. ನಾವು ಗೆಳೆಯರು ಆಡುವುದು ಎರಡನೆಯದು. ದುಡ್ಡಿನ ವ್ಯವಹಾರ ಏನೂ ಇಲ್ಲ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಮೇಲಿನ ಪ್ರೀತಿಗೆ ಆಡುತ್ತೇವೆ. ವಾರಕ್ಕೊಬ್ಬ ಎದುರಾಳಿ. ಒಂಬತ್ತು ಕೆಟಗರಿ ಇವು: ಪಾಯಿಂಟ್, ರೀಬೌಂಡ್ (ತಪ್ಪಿದ ಎಸೆತದ ಚೆಂಡು ಹಿಡಿಯುವುದು), ಅಸಿಸ್ಟ್ (ಬಾಸ್ಕೆಟ್‌ಗೆ ದಾರಿಯಾದ ಪಾಸ್), ಸ್ಟೀಲ್ (ಎದುರಾಳಿಯ ಚೆಂಡು ಕಸಿಯುವುದು), ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು), ತ್ರೀ (ದೂರದಿಂದ ಹಾಕಿದ ಮೂರು ಪಾಯಿಂಟ್‌ನ ಬಾಸ್ಕೆಟ್), ಫೀಲ್ಡ್ ಗೋಲ್ (ಆಟ ನಡೆಯುವಾಗಿನ ಎಸೆತ) ಪರ್ಸೆಂಟ್, ಫ್ರೀ ಥ್ರೋ (ಫೌಲ್ ಆದಾಗ ಅಡ್ಡಿಯಿಲ್ಲದೆ ಸಿಗುವ ಎಸೆತ) ಪರ್ಸೆಂಟ್, ಟರ್ನೋವರ್ (ಚೆಂಡನ್ನು ಎದುರಾಳಿಗೆ ಕಳೆದುಕೊಳ್ಳುವುದು). ಟರ್ನೋವರ್ ಮಾತ್ರ ಕಡಿಮೆ ಇದ್ದವನಿಗೆ. ಒಂಬತ್ತರಲ್ಲಿ ಐದು ಬಂದರೆ ವಾರ ನಮ್ಮದು.

ಹಾಗಾಗಿ ನನ್ನ ಲೆಕ್ಕ ಶುರುವಾಗುವುದೇ ಈ ಪ್ರಶ್ನೆಯಿಂದ: ನನ್ನ ಆ ಐದು ಯಾವುವು? ಎಲ್ಲದರಲ್ಲೂ ಸುಮಾರಾಗಿರುವ ತಂಡ ನೋಡೋಕೆ ಚೆನ್ನಾಗಿರುತ್ತದೆ. ಆದರೆ ಐದರಲ್ಲಿ ಗಟ್ಟಿಯಾಗಿರುವ ಒಬ್ಬ ಎದುರಾಳಿ ಸಿಕ್ಕರೆ ಸಾಕು, 4–5ರಲ್ಲಿ ಸೋಲು.

ಜಾಸ್ತಿ ಜನ ಎಡವುವುದು ಪರ್ಸೆಂಟ್‌ಗಳಲ್ಲಿ. ಆಟಗಾರನ ಪರ್ಸೆಂಟ್ ನೋಡುತ್ತಾರೆ, ಅವನು ಎಷ್ಟು ಸಲ ಎಸೆಯುತ್ತಾನೆ ಅಂತ ನೋಡುವುದಿಲ್ಲ. ಯಾನಿಸ್ ಆಂಟೆಟೊಕೂಂಪೊ 2023–24ರಲ್ಲಿ ಪಂದ್ಯಕ್ಕೆ ಹತ್ತಕ್ಕೂ ಹೆಚ್ಚು ಫ್ರೀ ಥ್ರೋ ಎಸೆದ, ಬಿದ್ದಿದ್ದು 65.7%. ವಾರಕ್ಕೆ ಮೂರು ಪಂದ್ಯ ಅಂದರೆ ಸುಮಾರು 32 ಎಸೆತ, 21 ಬಾಸ್ಕೆಟ್. ಉಳಿದ ತಂಡ 100ಕ್ಕೆ 82 ಹಾಕಿದೆ ಅಂತಿಟ್ಟುಕೊಳ್ಳಿ. ಯಾನಿಸ್ ಸೇರಿದ ಮೇಲೆ 132ಕ್ಕೆ 103. ಅಂದರೆ 82% ಇದ್ದದ್ದು 78%ಗೆ ಇಳಿಯಿತು, ಒಬ್ಬನಿಂದ. ಇದನ್ನು ಸರಿ ಮಾಡೋಕೆ ಸ್ಟೆಫೆನ್ ಕರಿಯನ್ನು ತಂದರೆ? ಅವನು 91% ಹಾಕುವವನು, ಆದರೆ ಪಂದ್ಯಕ್ಕೆ ನಾಲ್ಕೈದು ಎಸೆತ ಅಷ್ಟೇ. ವಾರಕ್ಕೆ 14ಕ್ಕೆ 13 ಅಂತ ಸೇರಿಸಿ. 146ಕ್ಕೆ 116, ಅಂದರೆ 79.5%. ಇಡೀ ಎನ್‌ಬಿಎಯಲ್ಲೇ ಅತಿ ನಂಬಿಕೆಯ ಕೈ ಸೇರಿದರೂ ಅರ್ಧ ಗುಂಡಿ ಕೂಡ ತುಂಬಲಿಲ್ಲ. ಈ ಲೆಕ್ಕವನ್ನು ಒಂದು ಸಲ ಕೈಯಾರೆ ಮಾಡಿ ನೋಡಿದರೆ ತಂಡ ನೋಡುವ ಕಣ್ಣೇ ಬದಲಾಗುತ್ತದೆ.

ಇದೇ ಕಾರಣಕ್ಕೆ ಯಾನಿಸ್ ಇರುವ ತಂಡದಲ್ಲಿ ನಾನು ಫ್ರೀ ಥ್ರೋವನ್ನು ಪೂರ್ತಿ ಕೈಬಿಡುತ್ತೇನೆ. ಆಡುವವರು ಇದನ್ನು ಪಂಟ್ ಅನ್ನುತ್ತಾರೆ. ಸುಮ್ನೆ ಬಿಟ್ಟರೆ ಲಾಭ ಇಲ್ಲ, ಬಿಟ್ಟದ್ದಕ್ಕೆ ಬದಲು ಏನಾದರೂ ಪಡೆಯಬೇಕು. ಫ್ರೀ ಥ್ರೋ ಕೆಟ್ಟದು ಅಂತ ಬೇರೆಯವರು ದೂರ ಇಡುವ ಆಟಗಾರರು ನನಗೆ ಡ್ರಾಫ್ಟ್‌ನಲ್ಲಿ (ಸೀಸನ್ ಶುರುವಲ್ಲಿ ನಾವು ಸರದಿಯಂತೆ ಆಟಗಾರರನ್ನು ಆರಿಸುವಾಗ) ತಡವಾಗಿ ಸಿಗುತ್ತಾರೆ. ವಾಕರ್ ಕೆಸ್ಲರ್ ಇದಕ್ಕೆ ಒಳ್ಳೆ ಉದಾಹರಣೆ. 2024–25ರಲ್ಲಿ ಯೂಟಾ ಜಾಝ್‌ಗೆ ಆಡುತ್ತಾ ಪಂದ್ಯಕ್ಕೆ 12.2 ರೀಬೌಂಡ್, 2.4 ಬ್ಲಾಕ್, ಫೀಲ್ಡ್ ಗೋಲ್ 66%. ಫ್ರೀ ಥ್ರೋ 52%. ನನ್ನ ತಂಡದಲ್ಲಿ ಆ ಕೊನೆಯ ಅಂಕಿಗೆ ಬೆಲೆಯೇ ಇಲ್ಲ. ಬ್ಲಾಕ್ ಅಂತೂ ಚಿನ್ನ. ಪಂದ್ಯಕ್ಕೆ 20 ಪಾಯಿಂಟ್ ದಾಟುವವರು ಬೇಕಾದಷ್ಟು ಜನ ಇದ್ದಾರೆ, 2 ಬ್ಲಾಕ್ ದಾಟುವವರು ಬೆರಳೆಣಿಕೆ.

ಸ್ಟೀಲ್‌ನದ್ದೂ ಅದೇ ಕಥೆ. ಅಟ್ಲಾಂಟಾದ ಡೈಸನ್ ಡೇನಿಯಲ್ಸ್ ಅದೇ ಸೀಸನ್‌ನಲ್ಲಿ ಪಂದ್ಯಕ್ಕೆ 3 ಸ್ಟೀಲ್ ಸರಾಸರಿ ಇಟ್ಟ. ನಾಲ್ಕು ಪಂದ್ಯದ ವಾರದಲ್ಲಿ ಅವನೊಬ್ಬನೇ ಹನ್ನೆರಡು. ಅವನ ಫ್ರೀ ಥ್ರೋ ಕೂಡ 60%ರ ಆಸುಪಾಸೇ. ಆದರೆ ಅವನು ಫ್ರೀ ಥ್ರೋ ಎಸೆಯುವುದೇ ಅಪರೂಪ, ಹಾಗಾಗಿ ಫ್ರೀ ಥ್ರೋ ಗೆಲ್ಲಬೇಕೆನ್ನುವ ತಂಡಕ್ಕೂ ಅವನು ಹೊರೆಯಲ್ಲ. ಯಾನಿಸ್‌ಗೂ ಇವನಿಗೂ ಪರ್ಸೆಂಟ್ ಹತ್ತಿರ ಹತ್ತಿರ, ತಂಡದ ಮೇಲೆ ಬೀಳುವ ಪೆಟ್ಟು ಮಾತ್ರ ಅಜಗಜಾಂತರ.

ಆಮೇಲೆ ನೋಡುವುದು ಆಟಗಾರರು ಒಬ್ಬರಿಗೊಬ್ಬರು ಹೊಂದುತ್ತಾರಾ ಅಂತ. ಅಸಿಸ್ಟ್ ಕಡಿಮೆ ಇದೆ ಅಂತ ಮೇಲಿನ ತಂಡಕ್ಕೆ ಟ್ರೇ ಯಂಗ್‌ನನ್ನು ತರೋಣ ಅನಿಸಬಹುದು. 2024–25ರಲ್ಲಿ ಪಂದ್ಯಕ್ಕೆ 11.6 ಅಸಿಸ್ಟ್, ಲೀಗ್‌ಗೇ ಮೊದಲು. ಆದರೆ ಜೊತೆಗೆ 4.7 ಟರ್ನೋವರ್, ಫೀಲ್ಡ್ ಗೋಲ್ 41%. ಯಾನಿಸ್, ಕೆಸ್ಲರ್ ಸೇರಿ ಕಟ್ಟಿದ ಫೀಲ್ಡ್ ಗೋಲ್ ಪರ್ಸೆಂಟನ್ನು ಇವನು ಕೊರೆದುಬಿಡುತ್ತಾನೆ. ಇವನ ಬಲವಾದ ಫ್ರೀ ಥ್ರೋ ನನಗೆ ಉಪಯೋಗಕ್ಕೇ ಬರಲ್ಲ. ಅವನು ಬೇರೆ ಬಗೆಯ ತಂಡಕ್ಕೆ ಅಪ್ಪಟ ರಾಜ, ಈ ತಂಡಕ್ಕೆ ಅಲ್ಲ. ನಿಕೊಲಾ ಯೋಕಿಚ್ ಯಾಕೆ ಡ್ರಾಫ್ಟ್‌ನಲ್ಲಿ ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲು ಹೋಗುತ್ತಾನೆ ಅಂತ ಇಲ್ಲೇ ಗೊತ್ತಾಗುತ್ತದೆ. ಅದೇ ಸೀಸನ್‌ನಲ್ಲಿ 29.6 ಪಾಯಿಂಟ್, 12.7 ರೀಬೌಂಡ್, 10.2 ಅಸಿಸ್ಟ್, ಅದೂ 57% ದಾಟಿದ ಫೀಲ್ಡ್ ಗೋಲ್ ಜೊತೆ. ಬುಟ್ಟಿಯ ಹತ್ತಿರ ಆಡುವ ಸೆಂಟರ್ ಒಬ್ಬ ಅಷ್ಟು ಅಸಿಸ್ಟ್ ಕೊಟ್ಟರೆ, ಸಾಮಾನ್ಯವಾಗಿ ಅಸಿಸ್ಟ್ ತರುವ ಗಾರ್ಡ್‌ಗಳ ಜಾಗದಲ್ಲಿ ನಮಗೆ ಬೇಕಾದವರನ್ನು ಇಟ್ಟುಕೊಳ್ಳಬಹುದು, ಅಲ್ವಾ?

ಇಷ್ಟೆಲ್ಲಾ ಸರಾಸರಿಗಳ ಮಾತಾಯಿತು. ವಾರದ ಲೆಕ್ಕ ಬೇರೆಯೇ. ಒಂದು ಎನ್‌ಬಿಎ ತಂಡ ಒಂದು ವಾರದಲ್ಲಿ ನಾಲ್ಕು ಪಂದ್ಯ ಆಡಬಹುದು, ಇನ್ನೊಂದು ಎರಡೇ. ನಾಲ್ಕು ಪಂದ್ಯ ಇರುವ ಸಾಧಾರಣ ಆಟಗಾರ ಎರಡು ಪಂದ್ಯದ ತಾರೆಗಿಂತ ಜಾಸ್ತಿ ರೀಬೌಂಡ್ ತರುವುದು ಮಾಮೂಲಿ. ಬುಧವಾರ, ಶುಕ್ರವಾರ ಸಾಮಾನ್ಯವಾಗಿ ಪಂದ್ಯಗಳ ಜಾತ್ರೆ. ಆ ದಿನ ನನ್ನವರೆಲ್ಲ ಆಡುತ್ತಿರುತ್ತಾರೆ, ಜಾಗ ಸಾಲದೆ ಒಳ್ಳೆಯವರೇ ಬೆಂಚ್‌ನಲ್ಲಿ ಕೂರಬೇಕು. ಅದಕ್ಕೇ ಪಟ್ಟಿಯ ಕೊನೆಯ ಎರಡು ಜಾಗಕ್ಕೆ ಗುರುವಾರದಂಥ ಖಾಲಿ ದಿನಗಳಲ್ಲಿ ಆಡುವವರನ್ನು ಹುಡುಕುತ್ತೇನೆ.

ಮಾರ್ಚ್ ಬಂದರೆ ಇನ್ನೊಂದು ಎಚ್ಚರ ಬೇಕು. ನಮ್ಮ ಲೀಗಿನ ಪ್ಲೇಆಫ್ (ಕೊನೆಯ ನಾಕೌಟ್ ಸುತ್ತು) ಇರುವುದು ಆಗ. ಅಷ್ಟು ಹೊತ್ತಿಗೆ ತಳದಲ್ಲಿರುವ ಎನ್‌ಬಿಎ ತಂಡಗಳಿಗೆ ಗೆಲುವಿಗಿಂತ ಎನ್‌ಬಿಎಯ ಡ್ರಾಫ್ಟ್ ಲಾಟರಿ (ಹೊಸ ಆಟಗಾರರನ್ನು ಮೊದಲು ಆರಿಸುವ ಸರದಿಗೆ ಎತ್ತುವ ಚೀಟಿ) ಮುಖ್ಯ, ಹಾಗಾಗಿ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡುತ್ತವೆ. 2025ರ ಮಾರ್ಚ್‌ನಲ್ಲಿ ತಾರೆ ಲೌರಿ ಮಾರ್ಕನೆನ್‌ನನ್ನು ಆಡಿಸದೆ ಇಟ್ಟಿದ್ದಕ್ಕೆ ಯೂಟಾ ಜಾಝ್‌ಗೆ ಎನ್‌ಬಿಎ 1,00,000 ಡಾಲರ್ ದಂಡ ಹಾಕಿತು. ದಂಡ ಹಾಕಿದರೂ ನಮ್ಮ ಲೈನ್‌ಅಪ್‌ನಲ್ಲಿ ಖಾಲಿ ಜಾಗ ಖಾಲಿಯೇ. ನಾನು ಜನವರಿಯಲ್ಲೇ ಅಂಥ ತಂಡಗಳ ಆಟಗಾರರನ್ನು ಎಣಿಸುತ್ತೇನೆ. ಇಬ್ಬರಿಗಿಂತ ಜಾಸ್ತಿ ಇದ್ದರೆ ಒಬ್ಬನನ್ನು ಎನ್‌ಬಿಎ ಪ್ಲೇಆಫ್‌ಗೆ ಹೋರಾಡುತ್ತಿರುವ ತಂಡದ ಆಟಗಾರನಿಗೆ ಬದಲಾಯಿಸುತ್ತೇನೆ, ಸರಾಸರಿ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ.

ವಾರದ ಕೊನೆ ದಿನದ ಲೈನ್‌ಅಪ್ ನನಗೆ ತುಂಬಾ ಇಷ್ಟದ ಕೆಲಸ. ಅಮೆರಿಕದ ಪೂರ್ವ ತೀರದ ಭಾನುವಾರ ರಾತ್ರಿ ಏಳರ ಪಂದ್ಯ ಚಳಿಗಾಲದಲ್ಲಿ ನಮಗೆ ಸೋಮವಾರ ಬೆಳಗಿನ ಐದೂವರೆಗೆ. ಅಷ್ಟರೊಳಗೆ ಕೆಟಗರಿ ಒಂದೊಂದೇ ನೋಡಿಕೊಂಡು ಬರುತ್ತೇನೆ. ರೀಬೌಂಡ್‌ನಲ್ಲಿ 40 ಮುಂದಿದ್ದರೆ ಅದು ಮುಗಿದ ಲೆಕ್ಕ, ಇನ್ನು ಯಾರನ್ನು ಆಡಿಸಿದರೂ ಅಷ್ಟೇ. ಸ್ಟೀಲ್‌ನಲ್ಲಿ ಒಂದು ಹಿಂದಿದ್ದರೆ 20 ಪಾಯಿಂಟ್ ಹೊಡೆಯುವವನನ್ನು ಕೂರಿಸಿ ಡೇನಿಯಲ್ಸ್‌ನಂಥವನನ್ನು ಇಳಿಸುತ್ತೇನೆ. 5–4ರಲ್ಲಿ ಮುಂದಿದ್ದು, ಆ ಐದನೆಯದು ಎರಡೇ ಎರಡು ಟರ್ನೋವರ್ ಅಂತರದ ಮೇಲೆ ನಿಂತಿದ್ದರೆ, ಎದುರಾಳಿಗೆ ಆಡುವವರು ಯಾರೂ ಉಳಿದಿಲ್ಲದಿದ್ದರೆ, ಉಳಿದ ನನ್ನವರೆಲ್ಲ ಬೆಂಚ್‌ಗೆ, ಅವತ್ತು ಯೋಕಿಚ್ ಆಡುತ್ತಿದ್ದರೂ ಸರಿ.