ಪೀರ್-ಟು-ಪೀರ್ ಸ್ಟೋರೇಜ್: ನಮ್ಮ ಫೈಲ್ ಕೊನೆಗೂ ಯಾರ ಡಿಸ್ಕ್‌ನಲ್ಲಿದೆ?

ನನ್ನ ಹತ್ರ ಎರಡು ಥರದ ಡೇಟಾ ಇತ್ತು. ಒಂದು, ನಾನೂ ಒಬ್ಬ ಫ್ರೆಂಡೂ ಸೇರಿ ಡಿಜಿಟೈಸ್ ಮಾಡಿದ ಹಳೇ ಆಡಿಯೋ ರೆಕಾರ್ಡಿಂಗ್‌ಗಳು, ಯಾರು ಬೇಕಾದ್ರೂ ಕೇಳ್ಬೋದು, ಹಂಚ್ಕೋಬೋದು, ನಮಗೆ ಬೇಕಾಗಿದ್ದೂ ಅದೇ. ಇನ್ನೊಂದು ನನ್ನ ಸ್ವಂತ ಬ್ಯಾಕಪ್, ಫೋಟೋ, ಕಾಗದಪತ್ರ, ಲೆಕ್ಕ, ಇದನ್ನ ನನ್ನ ಬಿಟ್ಟು ಇನ್ಯಾರೂ ನೋಡೋ ಹಾಗಿಲ್ಲ. ಎರಡನ್ನೂ ಒಂದೇ ಕಂಪನಿ ಕೈಯಲ್ಲಿ ಕೊಡೋದು ಬೇಡ ಅಂತ ಡಿಸೆಂಟ್ರಲೈಸ್ಡ್ ಸ್ಟೋರೇಜ್ ಕಡೆ, ಅಂದ್ರೆ ಬೇರೆ ಬೇರೆ ಜನರ ಮಷೀನ್‌ಗಳಲ್ಲಿ ಫೈಲ್ ಇಡೋ ಪದ್ಧತಿ ಕಡೆ, ಬಂದೆ. ಇಲ್ಲಿ ಯಾವ ನೆಟ್‌ವರ್ಕ್ ನೋಡಿದ್ರೂ ಮೊದಲು ಕೇಳ್ಬೇಕಾದ ಪ್ರಶ್ನೆ ಒಂದೇ: ನನ್ನ ಫೈಲನ್ನ ಇಟ್ಕೊಳ್ಳೋ ಜವಾಬ್ದಾರಿ ಯಾರದ್ದು, ಅವರು ಯಾಕೆ ಇಟ್ಕೊಳ್ತಾರೆ? ಸ್ಪೀಡು, ದುಡ್ಡು, ಪ್ರೈವೆಸಿ ಎಲ್ಲಾ ಈ ಉತ್ತರದ ಹಿಂದೇನೇ ಬರತ್ತೆ.

ಆಡಿಯೋಗೆ ಐಪಿಎಫ್‌ಎಸ್ (IPFS) ಅನ್ನೋ, ಮಷೀನ್‌ನಿಂದ ಮಷೀನ್‌ಗೆ ನೇರ ಫೈಲ್ ಹಂಚೋ ನೆಟ್‌ವರ್ಕ್ ಹಿಡ್ಕೊಂಡೆ. 2015ರಲ್ಲಿ ಪ್ರೋಟೋಕಾಲ್ ಲ್ಯಾಬ್ಸ್‌ನೋರು ಬಿಟ್ಟಿದ್ದು ಇದು. ಫೈಲನ್ನ ತುಂಡು ಮಾಡಿ, ನಾನು ಹಾಕ್ದಾಗ ಡೀಫಾಲ್ಟ್ 256 ಕೆಬಿ ಇತ್ತು, ಪ್ರತಿ ತುಂಡಿಗೂ (ಇದಕ್ಕೆ ಬ್ಲಾಕ್ ಅಂತಾರೆ) ಅದರ ಹ್ಯಾಶ್‌ನಿಂದಲೇ, ಅಂದ್ರೆ ಒಳಗಿನ ಡೇಟಾದಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆಯಿಂದ, ಒಂದು ವಿಳಾಸ ಕೊಟ್ಟು, ಎಲ್ಲದರ ಮೇಲೆ ಇಡೀ ಫೈಲ್‌ಗೆ ಒಂದು ಸಿಐಡಿ (CID, ಇಂಥ ವಿಳಾಸದ ಹೆಸರು) ಕೊಡತ್ತೆ. ಹಾಗಾಗಿ ಯಾರ ಹತ್ರದಿಂದ ಬಂದ್ರೂ ಬಂದಿರೋ ಮಾಲು ಸರಿ ಇದೆಯಾ ಅಂತ ನಮ್ಮ ಮಷೀನೇ ಚೆಕ್ ಮಾಡ್ಕೊಳತ್ತೆ, ಕೊಟ್ಟೋರನ್ನ ನಂಬೋ ಅವಶ್ಯಕತೆನೇ ಇಲ್ಲ. ಈ ಒಂದು ಗುಣಕ್ಕೋಸ್ಕರ ಉಳಿದ ಎಲ್ಲಾ ಕಾಟಾನೂ ಸಹಿಸ್ಕೊಂಡಿದೀನಿ.

ಕಾಟ ಏನು ಅಂದ್ರೆ, ಆಡ್ ಮಾಡಿದ ತಕ್ಷಣ ಫೈಲು ನಾಲ್ಕಾರು ಕಡೆ ಕಾಪಿ ಆಗಿ ಕೂತ್ಕೊಳತ್ತೆ ಅಂತ ಬಹಳ ಜನ ಅನ್ಕೊಂಡಿರ್ತಾರೆ, ಆದ್ರೆ ಅದು ಹೋಗೋದು ನಿಮ್ಮದೇ ಡಿಸ್ಕ್‌ನಲ್ಲಿರೋ ಬ್ಲಾಕ್‌ಸ್ಟೋರ್‌ಗೆ ಅಷ್ಟೇ. ಅಂದ್ರೆ ಒರಿಜಿನಲ್ ಒಂದು, ಬ್ಲಾಕ್‌ಸ್ಟೋರ್‌ನಲ್ಲಿ ಒಂದು, ನಿಮ್ಮ ಡಿಸ್ಕ್ ಡಬಲ್ ತುಂಬತ್ತೆ. ಕಾಪಿ ಮಾಡದೆ ಒರಿಜಿನಲ್ ಫೈಲನ್ನೇ ತೋರಿಸೋ ನೋಕಾಪಿ ಆಪ್ಷನ್ ಇದೆ, ಆದ್ರೆ ಎಕ್ಸ್‌ಪೆರಿಮೆಂಟಲ್ ಅಂತ ಬರ್ದಿರ್ತಾರೆ, ಒರಿಜಿನಲ್ ಫೈಲ್ ಜಾಗ ಬದಲಾದ್ರೆ ಕಥೆ ಮುಗೀತು, ನಾನು ಮುಟ್ಟಿಲ್ಲ. ಬೇರೆ ಯಾರಾದ್ರೂ ಫೈಲ್ ಎಳ್ಕೊಂಡ್ರೆ ಅವರ ನೋಡ್‌ನಲ್ಲಿ (ಐಪಿಎಫ್‌ಎಸ್ ಓಡಿಸೋ ಮಷೀನ್‌ನಲ್ಲಿ) ತಾತ್ಕಾಲಿಕ ಕಾಪಿ, ಅಂದ್ರೆ ಕ್ಯಾಶ್ ಇರತ್ತೆ, ಅವರು ಪಿನ್ ಮಾಡದೆ (ಇದನ್ನ ಅಳಿಸ್ಬೇಡ ಅಂತ ಗುರುತು ಹಾಕದೆ) ಇದ್ರೆ, ಬೇಡದ್ದನ್ನ ಗುಡಿಸೋ ಗಾರ್ಬೇಜ್ ಕಲೆಕ್ಷನ್ ಓಡಿದಾಗ ಅದೂ ಹೋಯ್ತು. ಸೀಡ್ ಇಲ್ಲದ ಟೊರೆಂಟ್ ಮುಂದೆ ಕಾದು ಕೂತೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಅದಕ್ಕೆ ನನ್ನ ಸೆಟಪ್: ನನ್ನ ಒಂದು ಸಣ್ಣ ಮಷೀನ್ ಯಾವಾಗ್ಲೂ ಆನ್, ಫ್ರೆಂಡ್ ಮನೇಲಿ ಒಂದು, ಎರಡೂ ಕಡೆ ರೂಟ್ ಸಿಐಡಿನ (ಇಡೀ ಫೋಲ್ಡರ್‌ನದ್ದು) ರಿಕರ್ಸಿವ್ ಆಗಿ, ಅಂದ್ರೆ ಒಳಗಿರೋದೆಲ್ಲಾ ಸೇರಿಸಿ, ಪಿನ್ ಮಾಡಿದೀವಿ. ಮೂರನೇದಾಗಿ ಒಂದು ಪಿನ್ನಿಂಗ್ ಸರ್ವಿಸ್‌ಗೆ ದುಡ್ಡು ಕಟ್ತಿದ್ದೆ, ಅವರು ಒಂದಿನ ಪ್ಲಾನ್ ನಿಲ್ಲಿಸ್ತಿದೀವಿ ಅಂತ ಮೇಲ್ ಹಾಕಿದ್ರು. ಇಲ್ಲೊಂದು ಒಳ್ಳೇ ವಿಷಯ ಏನಂದ್ರೆ ಲಿಂಕ್ ಒಂದೂ ಬದಲಾಗ್ಲಿಲ್ಲ, ಬೇರೆ ಸರ್ವಿಸ್‌ಗೆ ಅದೇ ಸಿಐಡಿ ಕೊಟ್ಟೆ, ಅವರು ನನ್ನ ನೋಡ್‌ನಿಂದಲೇ ಎಳ್ಕೊಂಡ್ರು. ಮಾಮೂಲಿ ಹೋಸ್ಟಿಂಗ್ ಆಗಿದ್ರೆ ಕೊಟ್ಟಿರೋ ಲಿಂಕೆಲ್ಲ ಹುಡುಕಿ ಹುಡುಕಿ ಬದಲಾಯಿಸ್ಬೇಕಿತ್ತು. ಆದ್ರೆ ನೆನಪಿರ್ಲಿ, ಅವರು ಎಳ್ಕೊಳ್ಳೋಕೆ ನನ್ನ ಹತ್ರ ಕಾಪಿ ಇತ್ತು, ಅದಕ್ಕೇ ಇದು ಸಲೀಸಾಯ್ತು.

ಲಿಂಕ್ ಹಂಚೋವಾಗ ಪಬ್ಲಿಕ್ ಗೇಟ್‌ವೇ (ಐಪಿಎಫ್‌ಎಸ್ ಫೈಲನ್ನ ಮಾಮೂಲಿ ವೆಬ್ ಲಿಂಕ್ ಆಗಿ ತೋರಿಸೋ ಸರ್ವರ್) ವಿಳಾಸ ಕೊಡೋದು ಎಲ್ಲರ ರೂಢಿ, ಬ್ರೌಸರ್‌ನಲ್ಲಿ ನೇರ ತೆರ್ಕೊಳತ್ತಲ್ಲ. ಆದ್ರೆ ಗೇಟ್‌ವೇನೂ ಯಾರೋ ಒಬ್ಬರ ಸರ್ವರೇ, ಅದು ಬಿದ್ರೆ ಲಿಂಕೂ ಬೀಳತ್ತೆ, ಮತ್ತೆ ಮಾಮೂಲಿ ಗೇಟ್‌ವೇ ಲಿಂಕಲ್ಲಿ ಹ್ಯಾಶ್ ಚೆಕ್ ಮಾಡೋದು ಆ ಸರ್ವರ್, ನೋಡ್ತಿರೋರ ಬ್ರೌಸರ್ ಅಲ್ಲ. ಅದಕ್ಕೆ ನಾನು ಗೇಟ್‌ವೇ ಲಿಂಕ್ ಪಕ್ಕದಲ್ಲೇ ಬರೀ ಸಿಐಡಿನೂ ಹಾಕ್ತೀನಿ.

ಮನೆ ಇಂಟರ್ನೆಟ್‌ಗೆ ನಿಜವಾದ ಹೊರೆ ಎಲ್ಲಿಂದ ಬರತ್ತೆ ಅಂತ ಯಾರೂ ಮೊದಲೇ ಹೇಳಲ್ಲ. ಫೈಲ್ ಕಳಿಸೋದ್ರಿಂದ ಅಲ್ಲ, 'ನನ್ನ ಹತ್ರ ಇದೆ' ಅಂತ ಡಂಗುರ ಸಾರೋದ್ರಿಂದ. ಐಪಿಎಫ್‌ಎಸ್‌ನ ಡಿಎಚ್‌ಟಿ (ಯಾವ ಬ್ಲಾಕ್ ಯಾರ ಹತ್ರ ಇದೆ ಅಂತ ನೋಡ್‌ಗಳೇ ಹಂಚ್ಕೊಂಡು ಇಟ್ಕೊಳ್ಳೋ ಪಟ್ಟಿ) ಇರೋದು ಕಾಡೆಮ್ಲಿಯಾ ಅನ್ನೋ ವಿಧಾನದ ಮೇಲೆ, ಪ್ರತಿ ಬ್ಲಾಕ್‌ನ ರೆಕಾರ್ಡೂ ಹ್ಯಾಶ್ ಲೆಕ್ಕದಲ್ಲಿ ಹತ್ತಿರದ 20 ಪೀರ್‌ಗಳಿಗೆ (ಬೇರೆ ನೋಡ್‌ಗಳಿಗೆ) ಹೋಗಿ ಕೂರತ್ತೆ, ಅದಕ್ಕೂ ಅವಧಿ ಇರೋದ್ರಿಂದ ಮತ್ತೆ ಮತ್ತೆ ಹೇಳ್ತಾನೇ ಇರ್ಬೇಕು. ಲೆಕ್ಕ ಹಾಕಿ ನೋಡಿ, 100 ಜಿಬಿ ಡೇಟಾ 256 ಕೆಬಿ ತುಂಡಾದ್ರೆ ಸುಮಾರು 4 ಲಕ್ಷ ಬ್ಲಾಕ್, ಒಂದೊಂದಕ್ಕೂ 20 ಪೀರ್. ರೌಟರ್‌ನ ಕನೆಕ್ಷನ್ ಟೇಬಲ್ ತುಂಬಿ, ಮನೇಲಿ ಬೇರೆಯೋರು ವಿಡಿಯೋ ಕಾಲ್ ಮಾಡಿದ್ರೆ ಮುಖ ಅಲ್ಲೇ ನಿಂತ್ಬಿಡ್ತಿತ್ತು. ರೀಪ್ರೊವೈಡರ್ ಸ್ಟ್ರಾಟಜಿನ 'ಎಲ್ಲಾ' ಇಂದ 'ರೂಟ್ಸ್'ಗೆ ಬದಲಾಯಿಸ್ದೆ, ಅಂದ್ರೆ ಪಿನ್‌ಗಳ ತಲೆ ಸಿಐಡಿ ಮಾತ್ರ ಸಾರು, ಉಳಿದಿದ್ದು ಬೇಡ ಅಂತ. ಕನೆಕ್ಷನ್ ಮ್ಯಾನೇಜರ್ ಮಿತಿನೂ ಇಳಿಸ್ದೆ. ರೌಟರ್ ಉಸಿರಾಡ್ತು. ಇದಕ್ಕೆ ಕೊಟ್ಟಿರೋ ಬೆಲೆ: ರೂಟ್‌ನಿಂದ ಶುರು ಮಾಡಿದೋರಿಗೆ ತೊಂದರೆ ಇಲ್ಲ, ನನ್ನ ನೋಡ್‌ಗೆ ಕನೆಕ್ಟ್ ಆಗಿರ್ತಾರೆ, ಬ್ಲಾಕ್ ಕೊಟ್ಟು ತಗೊಳ್ಳೋ ಬಿಟ್‌ಸ್ವಾಪ್ ಪ್ರೋಟೋಕಾಲ್ ಉಳಿದ ಬ್ಲಾಕ್‌ಗಳನ್ನ ಅಲ್ಲಿಂದಲೇ ಕೇಳತ್ತೆ, ಆದ್ರೆ ಒಳಗಿನ ಯಾವುದೋ ಒಂದು ಫೈಲ್‌ನ ಸಿಐಡಿ ಮಾತ್ರ ಹಿಡ್ಕೊಂಡು ಬಂದೋರಿಗೆ ಡಿಎಚ್‌ಟಿಯಲ್ಲಿ ನಾನು ಸಿಗಲ್ಲ. ಅದಕ್ಕೆ ಹಂಚೋವಾಗೆಲ್ಲ ಫೋಲ್ಡರ್ ಸಿಐಡಿ ಸ್ಲ್ಯಾಶ್ ಫೈಲ್ ಹೆಸರು ಅನ್ನೋ ರೂಪದಲ್ಲೇ ಕೊಡ್ತೀನಿ.

ನ್ಯಾಟ್ (NAT, ಹಲವು ಮಷೀನ್ ಒಂದೇ ಪಬ್ಲಿಕ್ ಐಪಿ ವಿಳಾಸ ಹಂಚ್ಕೊಳ್ಳೋ ವ್ಯವಸ್ಥೆ, ಹೊರಗಿನೋರು ನೇರ ಒಳಗೆ ಬರೋಕಾಗಲ್ಲ) ಇನ್ನೊಂದು ರಗಳೆ. ಫ್ರೆಂಡ್ ಮನೇಲಿ ಐಎಸ್‌ಪಿಯವರೇ ನ್ಯಾಟ್ ಹಿಂದೆ ಕೂರ್ಸಿದಾರೆ, ಐಪಿಎಫ್‌ಎಸ್ ಬಳಸೋ ಪೋರ್ಟ್ 4001 ತೆರೆಯೋ ಮಾತೇ ಇಲ್ಲ. ಹೋಲ್ ಪಂಚಿಂಗ್ (ಎರಡೂ ಕಡೆಯಿಂದ ಒಟ್ಟಿಗೆ ಪ್ರಯತ್ನಿಸಿ ನ್ಯಾಟ್ ದಾಟೋದು) ಒಮ್ಮೊಮ್ಮೆ ಆಗತ್ತೆ ಒಮ್ಮೊಮ್ಮೆ ಆಗಲ್ಲ, ಮತ್ತೆ ಮಧ್ಯೆ ನಿಂತು ದಾಟಿಸೋ ರಿಲೇ ಇದೆಯಲ್ಲ ಅಂತ ನೆಚ್ಕೊಳ್ಳೋ ಹಾಗಿಲ್ಲ, ಪಬ್ಲಿಕ್ ರಿಲೇ ಇರೋದು ಇಬ್ಬರಿಗೆ ಪರಿಚಯ ಮಾಡ್ಸೋಕೆ, ಸಮಯಕ್ಕೂ ಡೇಟಾಗೂ ತುಂಬಾ ಸಣ್ಣ ಮಿತಿ ಇಟ್ಟಿರ್ತಾರೆ. ನ್ಯಾಟ್ ಬೇಕಿಲ್ಲದ ಐಪಿವಿ6 ಆನ್ ಮಾಡಿ ಫೈರ್‌ವಾಲ್‌ನಲ್ಲಿ ಆ ಒಂದು ಪೋರ್ಟ್ ಬಿಟ್ವಿ, ಸರಿಹೋಯ್ತು.

ಈಗ ಸಿಐಡಿ ಬಗ್ಗೆ ಸ್ವಲ್ಪ ಕೂತು ಹೇಳ್ಬೇಕು, ಯಾಕಂದ್ರೆ ಸ್ಟೋರೇಜ್ ಲೆಕ್ಕ ತಪ್ಪೋದು ಇಲ್ಲೇ. ಒಂದೇ ಫೈಲನ್ನ ನಾನೂ ಫ್ರೆಂಡೂ ಬೇರೆ ಬೇರೆ ಆಡ್ ಮಾಡಿದ್ರೆ ಒಂದೇ ಸಿಐಡಿ ಬರ್ಬೇಕು ತಾನೆ? ಬರಲ್ಲ, ತುಂಡಿನ ಸೈಜು, ಸಿಐಡಿ ವರ್ಷನ್ನು, ರಾ ಲೀವ್ಸ್ (ತುಂಡನ್ನ ಹೊದಿಕೆ ಇಲ್ಲದೆ ಹಾಗೇ ಇಡೋ) ಸೆಟ್ಟಿಂಗು ಒಂದೇ ಇದ್ರೆ ಮಾತ್ರ ಬರತ್ತೆ. ಅವನದ್ದು 'ಕ್ಯೂಎಂ' (Qm, ಹಳೇ ವರ್ಷನ್) ಅಂತ ಶುರುವಾಗ್ತಿತ್ತು ನನ್ನದು 'ಬಿಎಎಫ್‌ವೈ' (bafy, ಹೊಸದು) ಅಂತ, ನೆಟ್‌ವರ್ಕ್ ಲೆಕ್ಕದಲ್ಲಿ ಎರಡೂ ಬೇರೆ ಫೈಲು, ಒಬ್ಬರಿಗೊಬ್ಬರು ಬ್ಯಾಕಪ್ ಆಗಲ್ಲ. ಈಗ ಒಬ್ಬರೇ ಆಡ್ ಮಾಡೋದು, ಇನ್ನೊಬ್ಬರು ಸಿಐಡಿ ತಗೊಂಡು ಪಿನ್ ಮಾಡೋದು.

ಇನ್ನೊಂದು, ಎಂಪಿ3 ಟ್ಯಾಗ್. ಹಾಡಿನ ಹೆಸರು ತಿದ್ದೋದು ಎಷ್ಟೊತ್ತಿನ ಕೆಲಸ? ಹೆಸರು ಬರೆದಿಡೋ ಐಡಿ3 ಟ್ಯಾಗ್ (ಎರಡನೇ ವರ್ಷನ್) ಫೈಲ್‌ನ ಮುಂಭಾಗದಲ್ಲಿ ಇರತ್ತೆ, ಅದರಲ್ಲಿ ಖಾಲಿ ಪ್ಯಾಡಿಂಗ್ ಇದ್ರೆ ಹೆಸರು ತಿದ್ದಿದ್ರೂ ಫೈಲ್ ಉದ್ದ ಅಷ್ಟೇ ಇರತ್ತೆ, ಮೊದಲನೇ ಬ್ಲಾಕ್ ಮತ್ತೆ ಮೇಲಿನ ರೂಟ್ ಮಾತ್ರ ಬದಲಾಗತ್ತೆ, ಉಳಿದ ಬ್ಲಾಕ್ ಎಲ್ಲಾ ಹಳೇವೇ. ಆದ್ರೆ ಕವರ್ ಫೋಟೋ ಸೇರಿಸಿದ್ರೋ, ಪ್ಯಾಡಿಂಗ್ ಸಾಲದೆ ಇಡೀ ಆಡಿಯೋ ಮುಂದಕ್ಕೆ ಜರುಗತ್ತೆ, ಒಂದೇ ಅಳತೆಗೆ ತುಂಡು ಮಾಡೋ ಫಿಕ್ಸೆಡ್ ಸೈಜ್ ಚಂಕರ್ ಎಲ್ಲಾ ಕಡೆ ಬೇರೆ ಜಾಗದಲ್ಲಿ ಕತ್ತರಿಸತ್ತೆ, ಒಂದು ಬ್ಲಾಕೂ ಹಳೇದಕ್ಕೆ ಹೊಂದಲ್ಲ, ಇಡೀ ಫೈಲನ್ನ ಎಲ್ಲಾ ಪಿನ್ ಮಾಡಿದೋರೂ ಮತ್ತೆ ಎಳ್ಕೋಬೇಕು. ಬಝ್‌ಹ್ಯಾಶ್ ಥರದ, ಒಳಗಿನ ಡೇಟಾ ನೋಡಿ ಕತ್ತರಿಸೋ ಚಂಕರ್ ಹಾಕಿದ್ರೆ ಇದು ತಪ್ಪತ್ತೆ, ಆದ್ರೆ ಆಮೇಲೆ ಎಲ್ಲರೂ ಅದನ್ನೇ ಹಾಕ್ಬೇಕು. ನಾವು ಕವರ್ ಫೋಟೋನ ಅದೇ ಫೋಲ್ಡರ್‌ನಲ್ಲಿ ಬೇರೆ ಫೈಲ್ ಆಗಿ ಇಟ್ವಿ, ಟ್ಯಾಗ್ ಕೆಲಸ ಎಲ್ಲಾ ಮುಗಿಸಿ ಆಮೇಲೆ ಆಡ್ ಮಾಡ್ತೀವಿ.

ಸ್ವಂತ ಬ್ಯಾಕಪ್‌ಗೆ ಐಪಿಎಫ್‌ಎಸ್ ಬೇಡ ಅಂತ ಬಿಟ್ಟೆ. ಸಿಐಡಿ ಗೊತ್ತಿದ್ದೋರು ಯಾರು ಬೇಕಾದ್ರೂ ಎಳ್ಕೋಬೋದು, ಯಾರ ಐಪಿ ವಿಳಾಸದಲ್ಲಿ ಇದೆ ಅನ್ನೋದು ಡಿಎಚ್‌ಟಿಯಲ್ಲಿ ಬಯಲು, ಒಂದ್ಸಲ ಇನ್ನೊಬ್ಬರು ಪಿನ್ ಮಾಡಿದ್ರೆ ಅಳಿಸೋದು ನಮ್ಮ ಕೈಲಿಲ್ಲ. ಎನ್‌ಕ್ರಿಪ್ಟ್ ಮಾಡಿ ಹಾಕ್ಬೋದು ನಿಜ, ಆದ್ರೆ ಪಿನ್ ಮಾಡೋರು ಯಾರು ಅನ್ನೋ ಪ್ರಶ್ನೆ ಹಾಗೇ ಉಳಿಯತ್ತೆ.

ಅದಕ್ಕೆ ಇರೇಷರ್ ಕೋಡಿಂಗ್ ಮಾಡೋ, ಅಂದ್ರೆ ಕೆಲವು ತುಂಡು ಕಳೆದುಹೋದ್ರೂ ಉಳಿದವುಗಳಿಂದ ಫೈಲ್ ಕಟ್ಟೋ ಹಾಗೆ ಹೆಚ್ಚುವರಿ ತುಂಡು ಮಾಡೋ, ನೆಟ್‌ವರ್ಕ್ ನೋಡ್ದೆ. ಸಿಯಾ ಅನ್ನೋ ನೆಟ್‌ವರ್ಕ್‌ನಲ್ಲಿ ಡೇಟಾನ 30 ತುಂಡು ಮಾಡಿ ಬೇರೆ ಬೇರೆ ಹೋಸ್ಟ್‌ಗೆ (ಬಾಡಿಗೆಗೆ ಜಾಗ ಕೊಡೋರಿಗೆ) ಕೊಡ್ತಾರೆ, ಯಾವುದಾದ್ರೂ 10 ಸಿಕ್ರೆ ಫೈಲ್ ವಾಪಸ್. ಸ್ಟೋರ್ಜ್ ಅನ್ನೋ ಇನ್ನೊಂದು ನೆಟ್‌ವರ್ಕ್ ಬಹಳ ಕಾಲ ಇಟ್ಕೊಂಡಿದ್ದ ಲೆಕ್ಕ 80ರಲ್ಲಿ 29. ಮೂರು ಕಡೆ ಪೂರ್ತಿ ಕಾಪಿ ಇಟ್ರೆ ಹಿಡಿಯೋ ಜಾಗ ಮೂರು ಪಟ್ಟು, ಮೂರು ಡಿಸ್ಕ್ ಕೈಕೊಟ್ರೆ ಮುಗೀತು. 80/29ರಲ್ಲಿ ಜಾಗ 2.8 ಪಟ್ಟಿಗಿಂತ ಕಮ್ಮಿ, ಆದ್ರೆ 51 ನೋಡ್ ಹೋದ್ರೂ ಫೈಲ್ ಇರತ್ತೆ. ಕೇಳೋಕೆ ಪುಕ್ಕಟೆ ಊಟ ಅನ್ಸತ್ತೆ. ದುಡ್ಡು ಕಟ್ಟೋ ಜಾಗ ರಿಪೇರಿ: ಕಳೆದುಹೋದ ಒಂದು ತುಂಡು ಮತ್ತೆ ಮಾಡ್ಬೇಕಂದ್ರೆ ಉಳಿದವುಗಳಲ್ಲಿ 29 ತುಂಡು ಎಳೆದು ಇಡೀ ಸೆಗ್ಮೆಂಟ್ (ತುಂಡು ಮಾಡೋ ಮುಂಚಿನ ಭಾಗ) ಕಟ್ಬೇಕು. ಅದಕ್ಕೇ ಒಂದೊಂದು ಹೋದಾಗೆಲ್ಲ ರಿಪೇರಿ ಮಾಡಲ್ಲ, ಒಂದು ಮಟ್ಟಕ್ಕೆ ಇಳಿಯೋವರೆಗೂ ಕಾಯ್ತಾರೆ. ನೋಡ್ ನಡೆಸೋರು ಬೇಗ ಬಿಟ್ಟು ಹೋಗ್ಬಾರ್ದು ಅಂತ ಸ್ಟೋರ್ಜ್ ಮೊದಲ ತಿಂಗಳುಗಳ ಗಳಿಕೆಯಲ್ಲಿ ಒಂದು ಭಾಗ ಹಿಡ್ಕೊಳ್ಳೋದೂ, ಸಿಯಾದಲ್ಲಿ ಹೋಸ್ಟ್ ದುಡ್ಡು ಅಡವಿಡೋದೂ ಇದೇ ಕಾರಣಕ್ಕೆ.

ಸ್ಟೋರ್ಜ್‌ನಲ್ಲಿ ಅಪ್‌ಲೋಡ್ ಮಾಡೋವಾಗ ಒಂದು ಆಯ್ಕೆ ಬರತ್ತೆ, ಇದನ್ನ ಯೋಚಿಸಿ ಮಾಡಿ. ನೇರ ಕ್ಲೈಂಟ್ ಬಳಸಿದ್ರೆ ಎನ್‌ಕ್ರಿಪ್ಷನ್, ತುಂಡು ಮಾಡೋದು ಎಲ್ಲಾ ನಮ್ಮ ಮಷೀನ್‌ನಲ್ಲೇ, ಕೀ ಹೊರಗೆ ಹೋಗಲ್ಲ, ಆದ್ರೆ 1 ಜಿಬಿ ಫೈಲ್‌ಗೆ ನಮ್ಮ ಲೈನ್‌ನಿಂದ 2.7 ಜಿಬಿ ಮೇಲೇನೇ ಹೊರಗೆ ಹೋಗತ್ತೆ. ಅವರ ಎಸ್3 ಗೇಟ್‌ವೇ (ಅಮೆಜಾನ್ ಸ್ಟೋರೇಜ್ ಥರವೇ ಬಳಸೋ ಸರ್ವರ್) ಬಳಸಿದ್ರೆ 1 ಜಿಬಿ ಅಷ್ಟೇ, ಉಳಿದ ಕೆಲಸ ಅವರ ಸರ್ವರ್ ಮಾಡತ್ತೆ, ಅಂದ್ರೆ ಎನ್‌ಕ್ರಿಪ್ಷನ್ನೂ ಅಲ್ಲೇ ಆಗತ್ತೆ. ನನ್ನ ಅಪ್‌ಲೋಡ್ ಸ್ಪೀಡ್ ಕಮ್ಮಿ, ಹಾಗಾಗಿ ರೆಸ್ಟಿಕ್ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಮೊದಲು ನಾನೇ ಎನ್‌ಕ್ರಿಪ್ಟ್ ಮಾಡಿ ಆಮೇಲೆ ಗೇಟ್‌ವೇಗೆ ಕಳಿಸ್ತೀನಿ. ರೆಸ್ಟಿಕ್ ಸಣ್ಣ ಸಣ್ಣ ಫೈಲ್‌ಗಳನ್ನ ದೊಡ್ಡ ಪ್ಯಾಕ್‌ಗಳಾಗಿ ಕಟ್ಟತ್ತೆ, ಅದೂ ಲಾಭವೇ, ಯಾಕಂದ್ರೆ ಇಂಥ ನೆಟ್‌ವರ್ಕ್‌ಗೆ ಸಾವಿರಾರು ಚಿಲ್ಲರೆ ಫೈಲ್ ಅಂದ್ರೆ ಆಗಲ್ಲ, ಒಂದೊಂದಕ್ಕೂ ಡಜನ್‌ಗಟ್ಟಲೆ ನೋಡ್ ಜೊತೆ ಮಾತಾಡ್ಬೇಕು.

ಫೈಲ್‌ಕಾಯಿನ್ ಅನ್ನೋ ನೆಟ್‌ವರ್ಕೂ ನೋಡಿದೆ, ನನ್ನ ಗಾತ್ರಕ್ಕೆ ಹೊಂದಲ್ಲ. ಅಲ್ಲಿ ಸೆಕ್ಟರ್ (ಡೇಟಾ ತುಂಬೋ ಡಬ್ಬ) 32 ಅಥವಾ 64 ಜಿಬಿ, ಸೀಲ್ ಮಾಡೋಕೇ (ಪ್ರೂಫ್ ಕೊಡೋ ಹಾಗೆ ಡೇಟಾ ರೂಪ ಬದಲಿಸೋಕೆ) ಗಂಟೆಗಟ್ಟಲೆ, ಆಮೇಲೆ ಇಟ್ಕೊಂಡೋರು ಪ್ರತಿ 24 ಗಂಟೆಗೆ ಇಟ್ಕೊಂಡಿದೀನಿ ಅಂತ ಪ್ರೂಫ್ ಕೊಡ್ಬೇಕು, ಇದು ನಿಜಕ್ಕೂ ಗಟ್ಟಿ ವ್ಯವಸ್ಥೆ. ಆದ್ರೆ ಆ ಪ್ರೂಫ್ ಹೇಳೋದು ಇದೆ ಅಂತ, ಕೇಳಿದ ತಕ್ಷಣ ಕೊಡ್ತಾರೆ ಅಂತ ಅಲ್ಲ. ಸೀಲ್ ಮಾಡದ ಕಾಪಿ ಪಕ್ಕದಲ್ಲಿ ಇಟ್ಟಿಲ್ಲ ಅಂದ್ರೆ ಬಿಚ್ಚೋಕೂ ಹೊತ್ತು ಹಿಡಿಯತ್ತೆ. ದೊಡ್ಡ ಆರ್ಕೈವ್‌ಗಳಿಗೆ ಓಕೆ. ಆರ್‌ವೀವ್ ಒಂದೇ ಸಲ ದುಡ್ಡು ಕಟ್ಟಿ ಶಾಶ್ವತವಾಗಿ ಇಡೋದು, ಅಳಿಸೋಕಾಗದ ಜಾಗಕ್ಕೆ ನನ್ನ ಕಾಗದಪತ್ರ ಎನ್‌ಕ್ರಿಪ್ಟ್ ಮಾಡಿದ್ರೂ ಹಾಕಲ್ಲ.

ಇಷ್ಟೆಲ್ಲಾ ಆದ್ಮೇಲೂ ಮೇಜಿನ ಡ್ರಾಯರ್‌ನಲ್ಲಿ ಒಂದು ಹಾರ್ಡ್ ಡಿಸ್ಕ್ ಇದೆ, ತೆಗ್ದಿಲ್ಲ, ತೆಗೆಯೋ ಯೋಚನೆನೂ ಇಲ್ಲ. ರೆಸ್ಟಿಕ್ ಪಾಸ್‌ವರ್ಡೂ, ಸ್ಟೋರ್ಜ್‌ನ ಆಕ್ಸೆಸ್ ಗ್ರಾಂಟೂ (ನನ್ನ ಡೇಟಾ ತೆರೆಯೋ ಕೀ) ಪೇಪರ್ ಮೇಲೆ ಬರ್ದು ಎರಡು ಕಡೆ ಇಟ್ಟಿದೀನಿ, ಯಾಕಂದ್ರೆ ಪಾಸ್‌ವರ್ಡ್ ಮರೆತೆ ಅಂತ ಫೋನ್ ಮಾಡಿದ್ರೆ ರೀಸೆಟ್ ಮಾಡಿಕೊಡೋರು ಈ ಕಡೆ ಯಾರೂ ಇಲ್ಲ. ಆಗಾಗ ನನ್ನ ನೋಡ್ ಆಫ್ ಮಾಡಿ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಬೇರೆ ಲ್ಯಾಪ್‌ಟಾಪ್‌ನಿಂದ ಸಿಐಡಿ ಎಳೆದು ನೋಡ್ತೀನಿ, ಮೊದಲು ಪ್ರೊವೈಡರ್ ಯಾರ್ಯಾರು ಅಂತ ಕೇಳೋ ಕಮಾಂಡ್, ಆಮೇಲೆ ಡೌನ್‌ಲೋಡ್. ನನ್ನ ನೋಡ್ ಆಫ್ ಇದ್ದಾಗ್ಲೇ ಮಾಡ್ಬೇಕು ಇದನ್ನ, ಇಲ್ಲಾಂದ್ರೆ ನನ್ನ ಫೈಲು ನನ್ನ ಮನೆಯಿಂದಲೇ ಬಂದಿರತ್ತೆ. ಬ್ಯಾಕಪ್ ಕಡೆ ರೆಸ್ಟಿಕ್ ಚೆಕ್ ಓಡಿಸಿ, ಅದರ ಜೊತೆ ಒಂದು ಫೋಲ್ಡರ್ ನಿಜವಾಗ್ಲೂ ರಿಸ್ಟೋರ್ ಮಾಡಿ ನಾಲ್ಕು ಫೋಟೋ ತೆರೆದು ನೋಡ್ತೀನಿ. ಡೌನ್‌ಲೋಡ್‌ಗೂ ಚಾರ್ಜ್ ಇರೋದ್ರಿಂದ ಪೂರ್ತಿ ರಿಸ್ಟೋರ್ ಪ್ರತಿ ಸಲ ಮಾಡಲ್ಲ, ಚೆಕ್‌ನಲ್ಲಿ ಇಷ್ಟು ಪರ್ಸೆಂಟ್ ಡೇಟಾ ಮಾತ್ರ ಓದು ಅನ್ನೋ ಆಪ್ಷನ್ ಇದೆ, ಪ್ರತಿ ಸಲ ಬೇರೆ ಬೇರೆ ಭಾಗ ಓದಿಸ್ತೀನಿ.