ಅದು ಟ್ಯಾಂಕ್ ಅಲ್ಲ ಮಾರಾಯ್ರೇ! ತೋಪು ಗುರುತಿಸೋದು ಹೀಗೆ

2024ರ ಫೆಬ್ರವರಿಯಲ್ಲಿ ಪುಣೆಯ ಮೋಶಿಯಲ್ಲಿ ರಕ್ಷಣಾ ಸಾಮಗ್ರಿಗಳ ಪ್ರದರ್ಶನ ನಡೆದಿತ್ತು. ಧಾರವಾಡದಿಂದ ಬಂದಿದ್ದ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ನಳಿಗೆ ಇರುವುದೆಲ್ಲ ಅವನಿಗೆ ಟ್ಯಾಂಕೇ. ಪಕ್ಕದಲ್ಲಿದ್ದ ದೊಡ್ಡವರೂ ಹಾಗೇ ಅಂತಿದ್ದರು, ಬಿಡಿ.

ಮೊದಲು ನಳಿಗೆ ಬಿಟ್ಟು ಕೆಳಗೆ ನೋಡಿ. ಹಿಂದೆ ಎರಡು ಉದ್ದ ಕಾಲು ಚಾಚಿವೆಯಾ? ಕಾಲಿನ ತುದಿಯಲ್ಲಿ ಗುದ್ದಲಿಯಂಥ ದಪ್ಪ ಫಲಕ ಇದೆಯಾ? ಹಾಗಿದ್ದರೆ ಅದು ಎಳೆಯುವ ತೋಪು. ಗುಂಡು ಹಾರಿದಾಗ ಆ ಫಲಕ ನೆಲ ಕಚ್ಚಿ ಹಿಡಿಯುತ್ತದೆ. ಸಾಗಿಸುವಾಗ ಕಾಲು ಮಡಚಿ ಲಾರಿಗೆ ಕಟ್ಟುತ್ತಾರೆ, ಚಕ್ಕಡಿಗೆ ಎತ್ತು ಹೂಡಿದ ಹಾಗೆ. ನಮ್ಮ ಪುಣೆಯ ಪಾಷಾಣ್‌ನಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ರೂಪಿಸಿದ ಎಟಿಎಜಿಎಸ್ ಈ ಜಾತಿಯದು. 2025ರ ಮಾರ್ಚ್‌ನಲ್ಲಿ ಸೇನೆಗಾಗಿ ರಕ್ಷಣಾ ಸಚಿವಾಲಯ ಇಂಥ 307 ತೋಪುಗಳಿಗೆ ಒಪ್ಪಂದ ಮಾಡಿಕೊಂಡಿತು.

ಇಲ್ಲೊಂದು ಮೋಸ ಇದೆ. ಎಟಿಎಜಿಎಸ್, ಬೋಫೋರ್ಸ್ ಎರಡಕ್ಕೂ ಪುಟ್ಟ ಇಂಜಿನ್ ಇದೆ, ಸ್ವಲ್ಪ ದೂರ ತಾವೇ ತೆವಳುತ್ತವೆ. ಅಷ್ಟಕ್ಕೇ ಅವು ‘ತಾನೇ ಓಡುವ ತೋಪು’ ಆಗಲ್ಲ.

ತೋಪು, ಇಂಜಿನ್ ಎರಡೂ ಒಂದೇ ಗಾಡಿಯಲ್ಲಿದ್ದು ಊರಿಂದೂರಿಗೆ ಅದೇ ಓಡಿದರೆ ಮಾತ್ರ ಆ ಹೆಸರು. ಫ್ರಾನ್ಸಿನ ಸೀಸರ್ ಅಂತೂ ಲಾರಿ ಬೆನ್ನಿಗೆ ಕೂರಿಸಿದ ತೋಪು. ಕಷ್ಟ ಬರೋದು ನಮ್ಮ ಕೆ9 ವಜ್ರದ ಹತ್ತಿರ, ಯಾಕಂದ್ರೆ ಸರಪಳಿ ಚಕ್ರ, ಗೋಪುರ ಎಲ್ಲ ಟ್ಯಾಂಕಿನ ಥರಾನೇ. ಗೋಪುರ ಎಲ್ಲಿದೆ ನೋಡಿ. ಟ್ಯಾಂಕಿಗೆ ಸಾಮಾನ್ಯವಾಗಿ ನಡುವೆ, ವಜ್ರಕ್ಕೆ ಹಿಂದೆ, ದೊಡ್ಡ ಪೆಟ್ಟಿಗೆಯಂತೆ. ನಳಿಗೆಯೂ ಉದ್ದ: 155 ಮಿ.ಮೀ. ಬಾಯಿಯ 52 ಪಟ್ಟು, ಅಂದರೆ ಹೆಚ್ಚುಕಡಿಮೆ 8 ಮೀಟರ್.

ಸರಿ, ಯಾವುದು ಒಳ್ಳೇದು? ಎಲ್ಲಿಗೆ ಅಂತ ಮೊದಲು ಕೇಳಿ. ಬೆಟ್ಟದ ತುದಿಗಾದರೆ 4.2 ಟನ್ನಿನ ಎಂ777 ಅನ್ನುವ ಎಳೆಯುವ ತೋಪನ್ನು ಚಿನೂಕ್ ಹೆಲಿಕಾಪ್ಟರ್ ನೇತುಹಾಕಿಕೊಂಡು ಹೋಗಿ ಇಳಿಸುತ್ತದೆ. 50 ಟನ್ ಹತ್ತಿರದ ವಜ್ರಕ್ಕೆ ಆ ಭಾಗ್ಯವಿಲ್ಲ. ಮರುಭೂಮಿಯಲ್ಲಿ ಟ್ಯಾಂಕುಗಳ ಜೊತೆ ಓಡಬೇಕಾದರೆ ವಜ್ರವೇ ಬೇಕು.

ಆಮೇಲೆ ಗಡಿಯಾರ ನೋಡಿ. 30 ಕಿ.ಮೀ. ದೂರಕ್ಕೆ ಹೊಡೆದ ಗುಂಡು ಬೀಳಲು ಒಂದು ನಿಮಿಷಕ್ಕಿಂತ ಜಾಸ್ತಿ ಬೇಕು. ಅದು ಇನ್ನೂ ಗಾಳಿಯಲ್ಲಿರುವಾಗಲೇ ಶತ್ರುವಿನ ರೇಡಾರ್ ಅದರ ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಿ ತೋಪು ಎಲ್ಲಿದೆ ಅಂತ ಹಿಡಿದುಬಿಡುತ್ತದೆ. ವಜ್ರ 15 ಸೆಕೆಂಡಿನಲ್ಲಿ ಮೂರು ಗುಂಡು ಹಾರಿಸಿ ಹೊರಟೇ ಬಿಡಬಹುದು. ಎಳೆಯುವ ತೋಪಿನ ಹುಡುಗರು ಫಲಕ ಕಿತ್ತು, ಕಾಲು ಮಡಚಿ, ಲಾರಿಗೆ ಕಟ್ಟಬೇಕು, ಅದೂ ಕೆಸರಿನಲ್ಲಿ, ಕತ್ತಲಲ್ಲಿ, ಮೇಲೆ ಯಾವ ಉಕ್ಕಿನ ಹೊದಿಕೆಯೂ ಇಲ್ಲದೆ.

ಹಾಗಂತ ಎಳೆಯುವುದನ್ನು ಹಳೇ ಸಾಮಾನು ಅನ್ನಬೇಡಿ. ಉಕ್ರೇನ್‌ನಲ್ಲಿ ಡ್ರೋನ್‌ಗಳು ಆಕಾಶ ತುಂಬಿದ ಮೇಲೆ, ಹಳ್ಳ ತೋಡಿ ಬಲೆ ಹೊದಿಸಿದ ಚಿಕ್ಕ ತೋಪು ಬಚಾವಾಗುತ್ತದೆ, ಬಿಸಿ ಇಂಜಿನ್ನಿನ ದೊಡ್ಡ ಗಾಡಿ ಬೇಗ ಕಣ್ಣಿಗೆ ಬೀಳುತ್ತದೆ ಅನ್ನುವ ಅನುಭವವೂ ಆಗಿದೆ. ಖರ್ಚಿನ ಮಾತೂ ಇದೆ. ಲಾರಿ ಕೆಟ್ಟರೆ ಬೇರೆ ಲಾರಿ ಕಟ್ಟಬಹುದು. ವಜ್ರದ ಇಂಜಿನ್ ಕೆಟ್ಟರೆ ತೋಪೂ ಅಲ್ಲೇ ಕೂತಿತು.

ಮುಂಬೈ–ಬೆಂಗಳೂರು ಹೆದ್ದಾರಿಯಲ್ಲಿ ತಾಡಪಾಲು ಹೊದ್ದ ಇಂಥದ್ದೇನಾದರೂ ಕಂಡರೆ ಕಾಲು ಇದೆಯಾ, ಸರಪಳಿ ಇದೆಯಾ ಅಂತ ಊಹಿಸಿ ನೋಡಿ. ಫೋಟೋ ಮಾತ್ರ ಬೇಡ.