ಸೇಬಿನ ಪೀಪಾಯಿಯಿಂದ ಶುರು: ‘ಟ್ರೆಷರ್ ಐಲೆಂಡ್’ ಅನ್ನು ಮಕ್ಕಳ ರಂಗಕ್ಕೆ ತಂದ ಬಗೆ

ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ ಮೊದಲು ಮಕ್ಕಳ ಪತ್ರಿಕೆಯೊಂದರಲ್ಲಿ 1881–82ರಲ್ಲಿ ಧಾರಾವಾಹಿಯಾಗಿ ಬಂತು, 1883ರಲ್ಲಿ ಪುಸ್ತಕವಾಯಿತು. ಒಟ್ಟು 34 ಅಧ್ಯಾಯ. ಧಾರಾವಾಹಿಯ ಗುಣ ಅದರಲ್ಲಿ ಹಾಗೇ ಉಳಿದಿದೆ, ಅಧ್ಯಾಯ ಮುಗಿಯುವಾಗಲೆಲ್ಲ ‘ಮುಂದೇನು’ ಎಂಬ ಕೊಕ್ಕೆ. ಓದುವಾಗ ಇದು ಸೊಗಸು. ರಂಗದ ಮೇಲೆ ಮೂವತ್ತನಾಲ್ಕು ಸಲ ದೀಪ ಆರಿಸಿ ಹಚ್ಚುವಂತೆ ಮಾಡುವುದೂ ಇದೇ. ನಮಗಿದ್ದದ್ದು ಬೇಸಿಗೆ ಶಿಬಿರದ 18 ಮಕ್ಕಳು, 9ರಿಂದ 14 ವಯಸ್ಸಿನವರು, 24 ದಿನದ ತಾಲೀಮು, 75 ನಿಮಿಷದ ಪ್ರದರ್ಶನ.

ಹಕ್ಕಿನ ಮಾತು ಮೊದಲೇ ಮುಗಿಸಿಬಿಡುತ್ತೇವೆ. ಸ್ಟೀವನ್‌ಸನ್ ತೀರಿಕೊಂಡದ್ದು 1894ರಲ್ಲಿ, ಹಾಗಾಗಿ ಮೂಲ ಕೃತಿಗೆ ಯಾರ ಅನುಮತಿಯೂ ಬೇಡ. ಆದರೆ ಕನ್ನಡ ಅನುವಾದ ಇಟ್ಟುಕೊಂಡು ಮಾಡಿದರೆ ಲೆಕ್ಕ ಬೇರೆ. ಅನುವಾದಕರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಅವರ ಕಡೆಯವರದು. ನಾವು ಇಂಗ್ಲಿಷ್ ಮೂಲವನ್ನೇ ಮುಂದಿಟ್ಟುಕೊಂಡು ಸಂಭಾಷಣೆ ಬರೆದೆವು.

ಕತ್ತರಿ ಹಾಕುವಾಗ ಮೊದಲ ಅಧ್ಯಾಯದಿಂದ ಶುರು ಮಾಡಬೇಡಿ. ಹಾಗೆ ಮಾಡಿದರೆ ಕಥೆ ಹೇಳುವ ಹುಡುಗ ಜಿಮ್‌ನ ಮನೆಯವರ ಹೋಟೆಲಿನಲ್ಲೇ, ಅಲ್ಲಿ ತಂಗಿದ್ದ ಮುದಿ ಕಡಲ್ಗಳ್ಳ ಬಿಲ್ಲಿ ಬೋನ್ಸ್ ಸಾಯುವಷ್ಟರಲ್ಲೇ, ಅರ್ಧ ಗಂಟೆ ಕರಗಿಹೋಗುತ್ತದೆ. ನಾವು 11ನೇ ಅಧ್ಯಾಯವನ್ನು ನಡುಗಂಬ ಮಾಡಿಕೊಂಡೆವು: ನಿಧಿ ಹುಡುಕಿ ಹೊರಟ ಹಡಗಿನಲ್ಲಿ ಜಿಮ್ ಸೇಬಿನ ಪೀಪಾಯಿಯೊಳಗೆ ಕೂತು, ಅಡುಗೆಯವನಾಗಿ ಸೇರಿಕೊಂಡ ಕಡಲ್ಗಳ್ಳ ಸಿಲ್ವರ್‌ನ ಪಿತೂರಿ ಕೇಳಿಸಿಕೊಳ್ಳುವ ದೃಶ್ಯ. ಅದಕ್ಕಿಂತ ಮುಂಚೆ ಬರುವುದೆಲ್ಲ ಜಿಮ್‌ಗೆ ಸಿಲ್ವರ್ ಮೇಲೆ ಪ್ರೀತಿ ಹುಟ್ಟಿಸಬೇಕು, ಆಮೇಲೆ ಬರುವುದೆಲ್ಲ ಆ ಪ್ರೀತಿ ಏನಾಯಿತು ಎಂದು ಹೇಳಬೇಕು. ಈ ಎರಡರಲ್ಲಿ ಒಂದೂ ಮಾಡದ ದೃಶ್ಯಕ್ಕೆ ಕೆಂಪು ಗೆರೆ. ಹೀಗೆ ಉಳಿದದ್ದು 13 ದೃಶ್ಯ. ಪೀಪಾಯಿ ದೃಶ್ಯ 32ನೇ ನಿಮಿಷಕ್ಕೆ. ಜಿಮ್ ಬದಲು ಅದೇ ಹಡಗಿನ ಡಾಕ್ಟರ್ ಲಿವ್ಸಿ ಕಥೆ ಹೇಳುವ 16ರಿಂದ 18ನೇ ಅಧ್ಯಾಯ ಪೂರ್ತಿ ಹೋಯಿತು. ನಿರೂಪಕ ನಡುವೆ ಬದಲಾದರೆ ಪುಟ್ಟ ಪ್ರೇಕ್ಷಕರು ‘ಜಿಮ್ ಎಲ್ಲಿ’ ಎಂದು ಪಕ್ಕದವರನ್ನು ಕೇಳಲು ಶುರು ಮಾಡುತ್ತಾರೆ. ಬದಲಿಗೆ ಮೂವರು ಜಿಮ್: ಒಬ್ಬ ಆಡುತ್ತಾನೆ, ಇಬ್ಬರು ಹೇಳುತ್ತಾರೆ. ಒಬ್ಬನ ತಲೆಯ ಮೇಲೆ 200 ಸಾಲು ಹೇರಿದರೆ ಕೊನೆಯ ವಾರ ಗಂಟಲೂ ಹೋಗುತ್ತದೆ, ಧೈರ್ಯವೂ ಹೋಗುತ್ತದೆ.

ಪೀಪಾಯಿ ದೃಶ್ಯದ ನೋವು ಒಂದೇ ಮಾತಿನಲ್ಲಿದೆ. ಸಿಲ್ವರ್ ಮೊದಲ ಭೇಟಿಯಲ್ಲಿ ಜಿಮ್‌ನನ್ನು ಹೊಗಳಿದ ಮಾತನ್ನೇ, ಹೆಚ್ಚುಕಡಿಮೆ ಹಾಗೇ, ಡಿಕ್ ಎಂಬ ಎಳೆಯ ನಾವಿಕನಿಗೂ ಹೇಳುತ್ತಾನೆ. ಜಿಮ್‌ಗೆ ಕೊಲೆಯ ಸಂಚಿಗಿಂತ ಮೊದಲು ಚುಚ್ಚುವುದು ಇದು. ಆದ್ದರಿಂದ ಆ ಸಾಲು ಎರಡೂ ಕಡೆ ಒಂದೇ ಇರಬೇಕು, ಒಂದೇ ಧಾಟಿಯಲ್ಲಿ ಬರಬೇಕು. ನಾವು ಇಟ್ಟದ್ದು: ‘ವಯಸ್ಸು ಎಳೇದು, ತಲೆ ಮಾತ್ರ ಪಳಗಿದ್ದು ಕಣೋ ಮರಿ.’ ಮೊದಲ ಸಲ ಹೇಳುವಾಗ ಸಿಲ್ವರ್ ಜಿಮ್‌ನ ಟೋಪಿ ಸರಿಮಾಡುತ್ತಾನೆ, ಎರಡನೇ ಸಲ ಡಿಕ್‌ನ ಟೋಪಿ. ಕೈಯೂ ಮಾತೂ ಜೊತೆಗೆ ಮರುಕಳಿಸಿದರೆ ಎಂಟು ವರ್ಷದ ಮಗುವಿಗೂ ತಕ್ಷಣ ಹೊಳೆಯುತ್ತದೆ.

ಕನ್ನಡ ನಮಗೆ ಕೊಟ್ಟ ಇನ್ನೊಂದು ಅನುಕೂಲ ಏಕವಚನ, ಬಹುವಚನ. ಸಿಲ್ವರ್ ಹಡಗಿನ ಯಜಮಾನರ ಮುಂದೆ ‘ತಾವು ದಯಮಾಡಿಸಬೇಕು’, ಕ್ಯಾಪ್ಟನ್‌ಗೆ ‘ನೀವು’, ಜಿಮ್‌ಗೆ ‘ಮರಿ’, ಕಡಲ್ಗಳ್ಳರಿಗೆ ‘ಲೇ’. ಪೀಪಾಯಿಯ ಆಚೆ ಅದೇ ಬಾಯಿಂದ ಯಜಮಾನರ ಬಗ್ಗೆ ‘ಅವನ ಕತ್ತು ನನಗೇ ಬಿಡಿ’ ಎಂದು ಬಂದಾಗ ಸಭೆ ಗಪ್‌ಚಿಪ್. ಕಳ್ಳರಿಗೆ ಕರಾವಳಿಯ ಯಾವುದಾದರೂ ಒಂದು ಊರಿನ ಮಾತು ಕೊಡೋಣ ಎಂಬ ಸಲಹೆ ಬಂದಿತ್ತು. ಒಂದು ಸೀಮೆಯ ನುಡಿಯನ್ನು ಕೊಲೆಗಡುಕರಿಗೆ ಅಂಟಿಸುವುದು ತಪ್ಪು. ಕರಾವಳಿಯಿಂದ ನಾವು ತಂದದ್ದು ‘ಐಲೇಸಾ’ ಮಾತ್ರ. ಹಗ್ಗ ಎಳೆಯುವ ಹಾಡು ನಾಲ್ಕು ಮಾತ್ರೆಯ ನಡೆಯಲ್ಲಿದೆ, ‘ಸಾ’ ಬಿದ್ದಾಗ ಎಲ್ಲರೂ ಒಟ್ಟಿಗೆ ಹಿಂದಕ್ಕೆ ವಾಲಬೇಕು. ಹಾಡು ಒಪ್ಪವಾಗಿ ಕೂತರೆ ಹಡಗು ತಾನಾಗಿಯೇ ಹೊರಡುತ್ತದೆ, ಸೆಟ್ ಬೇಕೇ ಇಲ್ಲ.

ಸಿಲ್ವರ್ ಸಾಕಿದ ಗಿಳಿಯ ಕೂಗು ‘ಪೀಸಸ್ ಆಫ್ ಏಟ್’ ಎಂದರೆ ಎಂಟು ರಿಯಾಲ್ ಬೆಲೆಯ ಸ್ಪೇನಿನ ಬೆಳ್ಳಿ ನಾಣ್ಯ. ನಮ್ಮ ಗಿಳಿ ‘ಎಂಟಾಣೆ! ಎಂಟಾಣೆ!’ ಎಂದಿತು. ಬೆಲೆಯ ಲೆಕ್ಕದಲ್ಲಿ ಇದು ಶುದ್ಧ ತಪ್ಪು, ಗಿಳಿಯ ಬಾಯಿಗೆ ಮಾತ್ರ ಹೇಳಿ ಮಾಡಿಸಿದಂತಿದೆ. ನಕ್ಕದ್ದು ಅಜ್ಜ ಅಜ್ಜಿಯರು; ಮಕ್ಕಳಿಗೆ ಎಂಟಾಣೆ ಎಂದರೆ ಏನೆಂದೇ ಗೊತ್ತಿಲ್ಲ.

ಈಗ ಪೀಪಾಯಿ ಮಾಡುವ ಬಗೆ. 200 ಲೀಟರಿನ ಹಳೇ ಪ್ಲಾಸ್ಟಿಕ್ ಡ್ರಮ್ ತನ್ನಿ, ಸುಮಾರು ಮೂರಡಿ ಎತ್ತರ, ಎರಡಡಿ ಅಗಲ. ರಾಸಾಯನಿಕ ತುಂಬಿದ್ದ ಡ್ರಮ್ ಬೇಡವೇ ಬೇಡ, ಎಷ್ಟು ತೊಳೆದರೂ ವಾಸನೆ ಹೋಗದು. ಮಗು ಅದರೊಳಗೆ ಏಳೆಂಟು ನಿಮಿಷ ಕೂರಬೇಕು. ಮೇಲ್ಭಾಗ ಪೂರ್ತಿ ತೆಗೆಯಿರಿ. ಪ್ರೇಕ್ಷಕರ ಕಡೆಗೆ ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಕಿಟಕಿ ಕೊಯ್ಯಿರಿ. ಕೊಯ್ದ ಅಂಚು ಚರ್ಮ ಸೀಳುತ್ತದೆ, ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಅಂಚಿಗೆಲ್ಲ ಹೊದಿಸಿ. ಕಿಟಕಿಗೆ ಸೊಳ್ಳೆ ಪರದೆಯ ಬಟ್ಟೆ ಬಿಗಿದು ಅದರ ಮೇಲೆ ಮರದ ಪಟ್ಟಿಗಳ ಚಿತ್ರ ಬರೆಯಿರಿ. ಬಣ್ಣ ನೀರುನೀರಾಗಿರಲಿ. ದಪ್ಪ ಬಳಿದರೆ ಪರದೆಯ ಕಣ್ಣು ಮುಚ್ಚಿಹೋಗಿ ಎಲ್ಲ ವ್ಯರ್ಥ.

ಒಳಗೆ ಬ್ಯಾಟರಿಯ ಪುಟ್ಟ ಎಲ್‌ಇಡಿ, ಸ್ವಿಚ್ಚು ಜಿಮ್‌ನ ಕೈಯಲ್ಲಿ. ದೀಪ ಆರಿದ್ದಾಗ ಅದು ಗಟ್ಟಿ ಪೀಪಾಯಿ. ಹೊತ್ತಿಸಿದ ಕೂಡಲೇ ಪರದೆ ಕರಗಿ ಮುಖ ಕಾಣುತ್ತದೆ. ಇಲ್ಲಿ ಕೆಡುವುದು ಒಂದೇ ಕಾರಣಕ್ಕೆ: ಎದುರಿನ ಸ್ಪಾಟ್ ಲೈಟು ನೇರ ಪರದೆಗೆ ಬಿದ್ದರೆ ಅದು ಬೆಳ್ಳಗೆ ಹೊಳೆದು ಒಳಗಿನ ಮುಖ ನುಂಗಿಬಿಡುತ್ತದೆ. ಈ ದೃಶ್ಯಕ್ಕೆ ಎದುರಿನ ದೀಪ ಪೂರ್ತಿ ಇಳಿಸಿ, ಕಳ್ಳರಿಗೆ ವಿಂಗ್‌ನಿಂದ, ಅಂದರೆ ರಂಗದ ಬದಿಯ ಪರದೆಯ ಮರೆಯಿಂದ, ಬೆಳಕು ಕೊಡಿ. ಪೀಪಾಯಿಯನ್ನು ನಟ್ಟನಡುವೆ ಇಡಬಾರದು. ಇಟ್ಟರೆ ಸುತ್ತ ನಿಂತವರು ಪ್ರೇಕ್ಷಕರಿಗೆ ಬೆನ್ನು ಹಾಕುತ್ತಾರೆ. ರಂಗದ ಮುಂಭಾಗದ ಬಲಬದಿಯಲ್ಲಿ ಅದು, ಹಿಂದೆ ಒಂದಡಿ ಎತ್ತರದ ಲೆವೆಲ್ (ಪುಟ್ಟ ಜಗಲಿ) ಮೇಲೆ ಸಿಲ್ವರ್ ಬಳಗ.

ಸಿಲ್ವರ್ ‘ಒಂದು ಸೇಬು ತಗೊಂಡು ಬಾ’ ಎನ್ನುತ್ತಾನೆ, ಡಿಕ್ ಏಳುತ್ತಾನೆ. ಕಾದಂಬರಿಯಲ್ಲಿ ಕಳ್ಳರಲ್ಲೊಬ್ಬನಾದ ಹ್ಯಾಂಡ್ಸ್ ಅಷ್ಟರಲ್ಲೇ ತಡೆದು ರಮ್ ಕೇಳುತ್ತಾನೆ. ನಾವು ಡಿಕ್‌ನ ಕೈಯನ್ನು ಪೀಪಾಯಿಯ ಬಾಯಿವರೆಗೂ ತಂದೆವು. ಕೈ ಒಳಗಿಳಿದ ಮೇಲೆ ಮನಸ್ಸಿನಲ್ಲೇ ನಾಲ್ಕು ಎಣಿಸಿ, ಆಮೇಲೆ ಹ್ಯಾಂಡ್ಸ್ ಬಾಯಿ ತೆರೆಯಬೇಕು. ಎರಡಕ್ಕೇ ಬಾಯಿಬಿಟ್ಟರೆ ಸಪ್ಪೆ, ಆರಕ್ಕೆ ಹೋದರೆ ಹಿಂದಿನ ಸಾಲಿನವರು ಜಿಮ್‌ಗೆ ಕೂಗಿ ಹೇಳುತ್ತಾರೆ.

ಸಿಲ್ವರ್‌ಗೆ ಮರದ ಕಾಲು ಹಾಕುವುದು ರೂಢಿ, ಆದರೆ ಮೂಲದಲ್ಲಿ ಅವನಿಗೆ ಮರದ ಕಾಲಿಲ್ಲ. ಎಡಗಾಲು ಸೊಂಟದ ಬುಡಕ್ಕೇ ಇಲ್ಲ, ಎಡಗಂಕುಳಲ್ಲಿ ಊರುಗೋಲು. ಮಕ್ಕಳ ಕಾಲನ್ನು ಮಡಿಸಿ ಹಗ್ಗದಿಂದ ಕಟ್ಟಬೇಡಿ. ರಕ್ತ ಓಡದೆ ಜೋಮು ಹಿಡಿಯುತ್ತದೆ, ಬಿದ್ದರೆ ಊರಲು ಕಾಲೂ ಇರುವುದಿಲ್ಲ. ಸೊಂಟದ ಪಟ್ಟಿಗೆ ಹಿಂದಿನಿಂದ ಬಟ್ಟೆಯ ಜೋಲಿ ಹೊಲಿದು ಪಾದವನ್ನು ಅದರಲ್ಲಿ ಕೂರಿಸಿ ವೆಲ್ಕ್ರೋ ಹಾಕಿ. ಜೋರಾಗಿ ಒದ್ದರೆ ಅದು ಬಿಟ್ಟುಕೊಳ್ಳಬೇಕು, ಅದೇ ಅದರ ಸುರಕ್ಷತೆ. ಮೇಲೆ ದೊಗಳೆ ಚಡ್ಡಿ, ಮಂಡಿ ದಾಟುವ ಕೋಟು. ಒಂದೇ ಸಲಕ್ಕೆ ಎಂಟು ನಿಮಿಷಕ್ಕಿಂತ ಹೆಚ್ಚು ಬೇಡ. ಊರುಗೋಲು ಕಂಕುಳಿನಿಂದ ಎರಡು ಬೆರಳು ಕೆಳಗಿರಲಿ, ತುದಿಗೆ ಮೆಡಿಕಲ್ ಶಾಪಿನ ರಬ್ಬರ್ ಬುಷ್ ಹಾಕಿ. ಬುಷ್ ಇಲ್ಲದಿದ್ದರೆ ಪಾಲಿಶ್ ಮಾಡಿದ ನೆಲದಲ್ಲಿ ಜಾರಿ ಬೀಳುವುದು ಖಂಡಿತ.

ಹ್ಯಾಂಡ್ಸ್ ಎಸೆದ ಕತ್ತಿ ಜಿಮ್‌ನ ಭುಜವನ್ನು ಪಟಕಂಬಕ್ಕೆ ಚುಚ್ಚಿ ನಿಲ್ಲಿಸುವುದು 26ನೇ ಅಧ್ಯಾಯದಲ್ಲಿ. ನಮ್ಮ ರಂಗದಲ್ಲಿ ಯಾರೂ ಏನೂ ಎಸೆಯುವುದಿಲ್ಲ. ಎರಡನೇ ಥರ್ಮಾಕೋಲ್ ಕತ್ತಿಯನ್ನು ಮೊದಲೇ ಕಂಬಕ್ಕೆ ಅಂಟಿಸಿ ಹಾಯಿಬಟ್ಟೆಯ ಮಡಿಕೆಯಲ್ಲಿ ಮುಚ್ಚಿಡಿ. ಹ್ಯಾಂಡ್ಸ್ ತೋಳು ಬೀಸಿ ತನ್ನ ಕತ್ತಿಯನ್ನು ಬೆನ್ನಿನ ಪಟ್ಟಿಗೆ ಸೇರಿಸುತ್ತಾನೆ, ವಿಂಗ್‌ನಲ್ಲಿ ಎರಡು ಹಲಗೆ ಟಪ್ಪೆನ್ನುತ್ತವೆ, ಜಿಮ್ ಬಟ್ಟೆ ಸರಿಸುತ್ತಾನೆ. ಕಂಬ ಎಂದರೆ ಎಂಟಡಿಯ, ‘A’ ಆಕಾರದ ಏಣಿ, ಹಾಯಿಯ ಮರೆಯಲ್ಲಿ ಇಬ್ಬರು ದೊಡ್ಡವರು ಹಿಡಿದಿರಬೇಕು. ಪಿಸ್ತೂಲಿಗೂ ಅದೇ ಹಲಗೆ. ಪಟಾಕಿ ಕ್ಯಾಪ್ ಬಳಸಿದರೆ ಮೂರಕ್ಕೊಂದು ಠುಸ್.

ಕಡಲಿನ ಸದ್ದಿಗೆ ರೆಕಾರ್ಡಿಂಗ್ ಬೇಡ. ದೊಡ್ಡ ಮೊರದಲ್ಲಿ ಅರ್ಧ ಸೇರು ರಾಗಿ ಹಾಕಿ ಮೈಕಿನ ಹತ್ತಿರ ಮೆಲ್ಲಗೆ ಈಚೆಗಾಚೆ ವಾಲಿಸಿ, ಅಲೆ ಬಂದು ಹಿಂದೆ ಸರಿದಂತಿರುತ್ತದೆ. ಜೋಳ ಹಾಕಿದರೆ ಅದು ಕಡಲಲ್ಲ, ಆಲಿಕಲ್ಲು ಮಳೆ. ನಿಧಿಯ ನಕ್ಷೆ ಕಾಗದದ್ದಾಗಿರಬಾರದು, ದೀಪಕ್ಕೆ ಹೊಳೆಯುತ್ತದೆ, ಮೈಕಿಗೆ ಪರಪರ ಎನ್ನುತ್ತದೆ. ಎರಡು ಲೀಟರ್ ನೀರಿಗೆ 50 ಗ್ರಾಂ ಚಹಾಪುಡಿ, ಒಂದು ಹಿಡಿ ಉಪ್ಪು ಹಾಕಿ ಕುದಿಸಿ, ಮೂರಡಿ ಕೋರಾ ಬಟ್ಟೆಯನ್ನು ಮುದ್ದೆ ಮಾಡಿ ಅದರಲ್ಲಿ ಒಂದು ರಾತ್ರಿ ನೆನೆಹಾಕಿ. ಮುದ್ದೆ ಮಾಡಿದ್ದಕ್ಕೇ ಕಲೆ ಏರುಪೇರಾಗಿ ಹಳೆಯದಾಗಿ ಕಾಣುವುದು.

ನಿಧಿಗೆ ಬಣ್ಣದ ನಾಣ್ಯ ಕತ್ತರಿಸುತ್ತ ದಿನ ಕಳೆಯಬೇಡಿ. ಗೋಣಿಚೀಲದಲ್ಲಿ ಎರಡು ಕಿಲೋ ಕಬ್ಬಿಣದ ವಾಷರ್ ಸಾಕು, ಚಿನ್ನವನ್ನು ಸಭೆ ಕಿವಿಯಲ್ಲೇ ನೋಡುತ್ತದೆ. ಸಿಲ್ವರ್ ಕೊನೆಗೆ ಕದ್ದೊಯ್ಯುವುದು ಒಂದೇ ಚೀಲ. ಅವನನ್ನು ವಿಂಗ್‌ಗೆ ಕಳಿಸಬೇಡಿ; ಅರ್ಧ ಕಿಲೋ ವಾಷರ್‌ನ ಚೀಲ ಹೆಗಲಿಗೆ ಹಾಕಿ ಸಭಾಂಗಣದ ನಡುದಾರಿಯಲ್ಲೇ ಹಿಂದಿನ ಬಾಗಿಲಿಗೆ ನಡೆಸಿ, ನಡುದಾರಿಯ ನೆಲ ಜಾರುವಂಥದ್ದಲ್ಲದಿದ್ದರೆ ಮಾತ್ರ ಬುಷ್ ತೆಗೆದು ಊರುಗೋಲು ಟಕ್ ಟಕ್ ಅನ್ನಲಿ, ಅವನ ಪಕ್ಕ ಕತ್ತಲಲ್ಲಿ ಕೈಹಿಡಿಯಲು ಒಬ್ಬರು ದೊಡ್ಡವರಿರಲಿ. ರಂಗದ ಮೇಲೆ ಜಿಮ್ ಆ ಸದ್ದಿನ ಕಡೆ ತಿರುಗಿ ನಿಂತಿರುತ್ತಾನೆ. ಬಾಗಿಲು ಮುಚ್ಚುವವರೆಗೆ ದೀಪ ಇಳಿಸಬಾರದು, ಇಳಿಸಿದರೆ ಚಪ್ಪಾಳೆ ಶುರುವಾಗಿ ಸದ್ದು ಮುಳುಗುತ್ತದೆ.